ದೋಣಿ ಹತ್ತಲು ಬಿಡಲಿಲ್ಲ

ಕೇಳುಗ ಬಂಧುಗಳೆ, ನಮಸ್ಕಾರ.

ಬೈಬಲ್ಲಿನ ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಹೆಸರಿಲ್ಲದ ಒಬ್ಬ ಮನುಷ್ಯ ಬರುತ್ತಾನೆ. ಸಮಾಧಿಯ ಗವಿಗಳಲ್ಲಿ ಅವನ ವಾಸ. ಹಗಲಿರುಳು ಕೂಗುತ್ತ ಕಲ್ಲಿನಿಂದ ಮೈ ಗಾಯ ಮಾಡಿಕೊಳ್ಳುತ್ತಿದ್ದ. ಸರಪಣಿ ಬಿಗಿದರೂ ಕಿತ್ತುಹಾಕುತ್ತಿದ್ದ. ಯೇಸುಸ್ವಾಮಿ ಅವನನ್ನು ಗುಣಪಡಿಸಿದರು. ಅವರು ದೋಣಿ ಹತ್ತುವಾಗ, ತಾನೂ ಜೊತೆಗೆ ಬರುತ್ತೇನೆ ಎಂದು ಅವನು ಬೇಡಿಕೊಂಡ. ಸ್ವಾಮಿ ಒಪ್ಪಲಿಲ್ಲ. ಮನೆಗೆ ಹೋಗು, ದೇವರು ನಿನಗೆ ಮಾಡಿದ್ದನ್ನು ನಿನ್ನವರಿಗೆ ಹೇಳು ಎಂದರು.

ಈ ಮಾತು ಬಹಳ ಕಾಲ ನನಗೆ ನಾಟಿರಲಿಲ್ಲ. ನಾನು ಮಂಗಳೂರಿನಲ್ಲಿ ಬೆಳೆದವಳು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆಯವರ ಕಥೆಗಳನ್ನು ಕೇಳುತ್ತಲೇ ದೊಡ್ಡವಳಾದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್, ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್. ಸುವಾರ್ತೆ ಸಾರುವುದೆಂದರೆ ಕಡಲು ದಾಟಿ ಬಂದ ಇಂತಹ ಪಂಡಿತರ ಕೆಲಸ, ನನ್ನದೇನಿದ್ದರೂ ಭಾನುವಾರ ಕೀರ್ತನೆ ಹಾಡುವುದು ಎಂದುಕೊಂಡಿದ್ದೆ.

ಈಗ ಅನ್ನಿಸುತ್ತದೆ, ಆ ಮನುಷ್ಯನಿಗೆ ದೋಣಿಯೇ ಸುಲಭವಾಗಿತ್ತು. ಆಚೆ ದಡದಲ್ಲಿ ಅವನನ್ನು ಬಲ್ಲವರಿಲ್ಲ. ಊರಿನಲ್ಲಾದರೋ ಅವನ ಕೂಗನ್ನು ಕೇಳಿದವರು, ಅವನಿಗೆ ಹೆದರಿ ದಾರಿ ಬಿಟ್ಟು ನಡೆದವರು. ನಮ್ಮ ಪಾಡೂ ಅದೇ. ನನ್ನ ಸಿಟ್ಟು, ನನ್ನ ಜಿಪುಣತನ ನೆರೆಮನೆಯವರಿಗೆ ಗೊತ್ತು. ಅವರ ಮುಂದೆ ಕ್ಷಮೆಯ ದೇವರ ಮಾತೆತ್ತಬೇಕಾದರೆ, ಮೊದಲು ನಾನೇ ಹೋಗಿ ಅವರ ಕ್ಷಮೆ ಕೇಳಿರಬೇಕು.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಅಕ್ಕ ಗಂಡನನ್ನು ಕಳೆದುಕೊಂಡರು. ಸೂತಕದ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಒಂದು ಪಾತ್ರೆ ಕುಚ್ಚಲಕ್ಕಿ ಗಂಜಿ, ಒಂದಿಷ್ಟು ಹುರುಳಿ ಚಟ್ನಿ ಕೊಂಡುಹೋದೆ. ಏನೂ ಮಾತನಾಡದೆ ಅವರ ಬಳಿ ಕುಳಿತೆ. ನಾಲ್ಕನೆಯ ದಿನ ಅವರೇ ಕೇಳಿದರು: “ನಿಮ್ಮ ತಮ್ಮ ಹೋದಾಗ ನೀವು ಹೇಗೆ ತಡೆದುಕೊಂಡಿರಿ?”

ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಎಂದು ಯೇಸುಸ್ವಾಮಿಯ ಶಿಷ್ಯ ಪೇತ್ರನ ಪತ್ರದಲ್ಲಿದೆ. ಕೇಳದವರ ಕಿವಿಗೆ ತುರುಕುವುದನ್ನು ನಾನು ನಂಬಿಕೆಯ ಸಾಕ್ಷಿ ಎಂದು ಒಪ್ಪುವುದಿಲ್ಲ. ಆದರೆ ಕೇಳಿದಾಗಲೂ ಬಾಯಿ ಮುಚ್ಚಿಕೊಂಡಿದ್ದರೆ, ಹಸಿದು ಬಂದವರ ಮುಂದೆ ಅನ್ನದ ಪಾತ್ರೆ ಮುಚ್ಚಿಟ್ಟಂತೆ.

“ತಡೆದುಕೊಳ್ಳಲಿಲ್ಲ ಅಕ್ಕ,” ಎಂದೆ. “ಎಷ್ಟೋ ರಾತ್ರಿ ದೇವರ ಮೇಲೆಯೇ ಸಿಟ್ಟು ಮಾಡಿದೆ. ಆದರೂ ಅವರು ನನ್ನ ಕೈ ಬಿಡಲಿಲ್ಲ. ಗೆಳೆಯ ಲಾಜರನ ಸಾವಿಗೆ ಯೇಸುಸ್ವಾಮಿಯೂ ಅತ್ತರು. ಅದನ್ನು ನೆನೆದು ಧೈರ್ಯವಾಗಿ ಅತ್ತೆ.”

ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟೇ.

ವಾರ ಕಳೆದ ಮೇಲೆ ಪಾತ್ರೆ ಹಿಂದಕ್ಕೆ ಬಂತು. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಅದರ ತುಂಬ ಬಸಳೆ ಸೊಪ್ಪು. ಕೊಟ್ಟು ಹೋಗದೆ ಜಗಲಿಯಲ್ಲಿ ಕುಳಿತರು. “ಆ ಲಾಜರನ ಕಥೆ, ಮುಂದೆ ಏನಾಯಿತು?” ಎಂದು ಕೇಳಿದರು. ಇಬ್ಬರೂ ಸೊಪ್ಪು ಬಿಡಿಸುತ್ತ ಕುಳಿತೆವು. ನಾನು ಮೊದಲಿನಿಂದ ಹೇಳತೊಡಗಿದೆ.