ಮೊದಲ ಲಾರಿ ಕೆಲಸ: ‘ಅನುಭವ ಇಲ್ಲ’ ಅಂದ ಮೇಲೆ

ಕೇಳುಗರಿಗೆ ನಮಸ್ಕಾರ. ಹೆವಿ ಲೈಸೆನ್ಸ್ ಕೈಗೆ ಬಂದಿದೆ. ನಾಲ್ಕು ಕಡೆ ಹೋಗಿ ಕೇಳಿದ್ದಾಗಿದೆ. ನಾಲ್ಕೂ ಕಡೆ ಒಂದೇ ಉತ್ತರ: ಅನುಭವ ಇಲ್ಲ. ಓಡಿಸಲು ಕೊಡದೆ ಅನುಭವ ಎಲ್ಲಿಂದ ಬರಬೇಕು ಅಂತ ಸಿಟ್ಟು ಬರುವುದು ಸಹಜ. ಆದರೆ ಐದನೆಯ ಕಡೆ ಹೋಗುವ ಮುಂಚೆ, ಆ ನಾಲ್ಕರಲ್ಲಿ ಒಂದು ಕಡೆಗಾದರೂ ವಾಪಸ್ ಹೋಗಿ ಕೇಳಿ: ‘ನನ್ನನ್ನು ಬೇಡ ಅಂದದ್ದು ನೀವೋ, ನಿಮ್ಮ ವಿಮೆಯವರೋ?’

ಲಾರಿಗೆ ವಿಮೆ ಮಾಡಿಸುವಾಗ ಚಾಲಕನಿಗೆ ಇಷ್ಟು ವಯಸ್ಸಾಗಿರಬೇಕು, ಭಾರಿ ವಾಹನ ಓಡಿಸಿ ಇಷ್ಟು ವರ್ಷ ಆಗಿರಬೇಕು ಎಂಬ ಷರತ್ತು ಸೇರಿರುವುದುಂಟು. ನಾಲ್ಕೈದು ಗಾಡಿ ಇಟ್ಟುಕೊಂಡ ಮಾಲೀಕರು ಅದನ್ನು ಮೀರಿ ಹೊಸಬರಿಗೆ ಕೀ ಕೊಟ್ಟರೆ, ಅಪಘಾತವಾದ ದಿನ ಪೂರ್ತಿ ನಷ್ಟ ಅವರ ತಲೆಗೇ ಬರಬಹುದು. ಅಂಥಲ್ಲಿ ನೀವು ಎಷ್ಟು ಚೆನ್ನಾಗಿ ಓಡಿಸಿ ತೋರಿಸಿದರೂ ಕೆಲಸ ಸಿಗುವುದಿಲ್ಲ. ಬದಲಿಗೆ ವಿಮೆಯ ನವೀಕರಣ ಯಾವ ತಿಂಗಳು, ಆಗ ಹೊಸ ಚಾಲಕನನ್ನು ಸೇರಿಸಿಕೊಳ್ಳಬಹುದೇ, ಹಳೆಯ ಡ್ರೈವರ್ ಪಕ್ಕದಲ್ಲಿ ಕೂತಿದ್ದರೆ ಒಪ್ಪುತ್ತಾರೆಯೇ ಅಂತ ವಿಚಾರಿಸಿ. ಉತ್ತರ ಬರೆದಿಟ್ಟುಕೊಂಡು ಆ ತಿಂಗಳಿಗೆ ಮತ್ತೆ ಹೋಗಿ. ಬೆಳಗ್ಗೆ ಗಾಡಿಗಳು ಹೊರಡುವ ಹೊತ್ತಿಗೆ ಮಾತ್ರ ಫೋನ್ ಮಾಡಬೇಡಿ. ಆ ಗದ್ದಲದಲ್ಲಿ ‘ಇಲ್ಲ’ ಅನ್ನುವುದೇ ಎಲ್ಲರಿಗೂ ಸುಲಭ.

ಬೇರೆ ಕಾರಣಗಳೂ ಇರುತ್ತವೆ. ಲೈಸೆನ್ಸ್ ಪಡೆದು ವರ್ಷವಾಯಿತು, ಆಮೇಲೆ ಸ್ಟಿಯರಿಂಗ್ ಮುಟ್ಟಿಲ್ಲ ಎಂದಾದರೆ, ಕೆಲವು ಗಂಟೆಗಳ ಮರುತರಬೇತಿ ಪಡೆದು ಅದರ ಕಾಗದ ಜೊತೆಗಿಡಿ. ದಂಡ, ಅಪಘಾತ ಏನಾದರೂ ದಾಖಲಾಗಿದ್ದರೆ ಅವರು ಹುಡುಕುವ ಮೊದಲೇ ನೀವೇ ಹೇಳಿ. ಹಳೆಯದೊಂದು ತಪ್ಪನ್ನು ಮನ್ನಿಸುವ ಮಾಲೀಕರು ಸಿಗುತ್ತಾರೆ, ಮುಚ್ಚಿಟ್ಟದ್ದನ್ನು ಮನ್ನಿಸುವವರು ಅಪರೂಪ. ಕಣ್ಣು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವುಗಳ ತಪಾಸಣೆ ಮೊದಲೇ ಮಾಡಿಸಿಕೊಂಡಿರಿ.

ಇನ್ನು ಎಲ್ಲಿ ಕೇಳಬೇಕು? ದೂರದ ಹೆದ್ದಾರಿ, ದೊಡ್ಡ ಟ್ರೇಲರ್ ಎಲ್ಲರ ಕನಸು. ಹೊಸಬರಿಗೆ ಬೇಗ ತೆರೆಯುವ ಬಾಗಿಲು ಅದಲ್ಲ. ಕಸದ ಲಾರಿ, ನೀರಿನ ಟ್ಯಾಂಕರ್, ಮರಳು ಜಲ್ಲಿ ಸಾಗಿಸುವ ಟಿಪ್ಪರ್, ಸುಗ್ಗಿಯ ಕಾಲದ ಧಾನ್ಯ ಸಾಗಣೆ, ಗೋದಾಮಿನ ಅಂಗಳದೊಳಗೆ ಟ್ರೇಲರ್‌ಗಳನ್ನು ಎಳೆದು ನಿಲ್ಲಿಸುವ ರಾತ್ರಿ ಪಾಳಿ, ಇಂಥ ಕಡೆ ವಿಚಾರಿಸಿ. ಅಂಗಳದ ಕೆಲಸವನ್ನು ಕೀಳಾಗಿ ಕಾಣುವವರಿದ್ದಾರೆ, ಅದು ತಪ್ಪು ಲೆಕ್ಕ. ಹೆದ್ದಾರಿಯವರು ದಿನಕ್ಕೆ ಒಂದೆರಡು ಸಲ ರಿವರ್ಸ್ ತೆಗೆದರೆ ಅಲ್ಲಿ ಒಂದೇ ಪಾಳಿಯಲ್ಲಿ ಹತ್ತಾರು ಸಲ ತೆಗೆಯಬೇಕಾಗುತ್ತದೆ. ಯಾವ ಕೆಲಸ ಸಿಕ್ಕರೂ ದಿನಾಂಕ, ಗಾಡಿಯ ಮಾದರಿ, ಹೊರೆ, ಕಿಲೋಮೀಟರ್ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಬಿಡುವಾಗ ಮಾಲೀಕರಿಂದ ಒಂದು ಪತ್ರ ಪಡೆಯಿರಿ. ಮುಂದಿನವರು ಅನುಭವ ಎಷ್ಟು ಅಂತ ಕೇಳಿದಾಗ ತೋರಿಸಲು ಇವೇ ಆಧಾರ.

ಈಗ ಟ್ರಯಲ್, ಅಂದರೆ ಮಾಲೀಕರ ಮುಂದೆ ಗಾಡಿ ಓಡಿಸಿ ತೋರಿಸುವ ವಿಷಯ. ಹೆಚ್ಚಿನವರು ಸೋಲುವುದು ಇಲ್ಲಿ, ಅದರಲ್ಲೂ ಸೀಟಿಗೆ ಹತ್ತುವ ಮೊದಲೇ. ಕೀ ಕೈಗೆ ಕೊಟ್ಟ ಕೂಡಲೇ ಹತ್ತಿ ಕೂತರೆ, ನೋಡುತ್ತಿರುವವರು ಮನಸ್ಸಿನಲ್ಲೇ ಅಂಕ ಕಳೆದಿರುತ್ತಾರೆ. ಮೊದಲು ಗಾಡಿಗೆ ಒಂದು ಸುತ್ತು ಹಾಕಿ. ಕೆಳಗೆ ಎಣ್ಣೆ, ನೀರು ತೊಟ್ಟಿಕ್ಕಿದೆಯೇ ನೋಡಿ. ಚಕ್ರದ ನಟ್ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿರುವ ಲಕ್ಷಣ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದ್ದು ಗಾಳಿ ಹೋಗಿದ್ದರೂ ಹೊರಗಿನದ್ದು ಭಾರ ಹೊತ್ತುಕೊಂಡು ನಿಂತಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಬಡಿದು ನೋಡಿದರೆ ಸದ್ದಿನ ವ್ಯತ್ಯಾಸ ತಿಳಿಯಬಹುದು. ಗಾಳಿಯ ಒತ್ತಡ ಅಳೆಯುವ ಗೇಜ್ ಇದ್ದರೆ ಅದೇ ಖಚಿತ. ಎರಡು ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಅಂತಲೂ ಬಗ್ಗಿ ನೋಡಿ.

ಏರ್ ಬ್ರೇಕ್, ಅಂದರೆ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್, ಅದರ ಪರೀಕ್ಷೆ ಗೊತ್ತಿದ್ದವರಿಗೆ ಗೌರವ ತಾನಾಗಿ ಬರುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಎಂಜಿನ್ ಓಡಿಸಿ ಗಾಳಿ ತುಂಬಲು ಬಿಡಿ. ಸಾಮಾನ್ಯವಾಗಿ 100ರಿಂದ 125 ಪಿಎಸ್‌ಐ (ಒತ್ತಡದ ಅಳತೆ) ಹೊತ್ತಿಗೆ ಗಾಳಿಯ ಟ್ಯಾಂಕ್ ತುಂಬಿರುತ್ತದೆ. ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಕಾಲಿನ ಬ್ರೇಕನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಟ್ರೇಲರ್ ಇಲ್ಲದ ಲಾರಿಯಲ್ಲಿ ಒತ್ತಡ 3 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಮೇಲೆ ಇಗ್ನಿಷನ್ ಆನ್ ಮಾಡಿ ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತಾ ಗಾಳಿ ಇಳಿಸಿ. ಸುಮಾರು 60 ಪಿಎಸ್‌ಐ ಹತ್ತಿರ ಎಚ್ಚರಿಕೆಯ ದೀಪವೋ ಬಜರೋ ಬರಬೇಕು. ಇನ್ನೂ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿಯುತ್ತದೆ, ಯಾಕೆಂದರೆ ಆ ಸ್ಪ್ರಿಂಗನ್ನು ಅಷ್ಟು ಹೊತ್ತು ಒತ್ತಿ ಹಿಡಿದಿದ್ದದ್ದು ಗಾಳಿ. ಇದನ್ನು ಮಾಡುತ್ತಾ ಏನು ಮಾಡುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಸುಮ್ಮನೆ ಮಾಡಿದರೆ ಪಕ್ಕದವರಿಗೆ ನೀವು ಗೇಜ್ ನೋಡಿದ್ದೂ ತಿಳಿಯುವುದಿಲ್ಲ.

ರಿವರ್ಸ್‌ನಲ್ಲಿ ಆತುರವೇ ಶತ್ರು. ಟ್ರೇಲರ್ ಇದ್ದರೆ ಸ್ಟಿಯರಿಂಗ್‌ನ ಕೆಳಭಾಗ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಭಾಗವೂ ಆ ಕಡೆಗೇ ಹೋಗುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಹೆಚ್ಚು ತಿರುಗಿಸುವುದು, ತಡವಾಗಿ ಸರಿಪಡಿಸುವುದು. ಸ್ವಲ್ಪ ತಿರುಗಿಸಿ, ಕಾಯಿರಿ, ಕನ್ನಡಿಯಲ್ಲಿ ಟ್ರೇಲರ್ ಉತ್ತರ ಕೊಡುವುದನ್ನು ನೋಡಿ. ಕೋನ ಕೆಟ್ಟಿತೋ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಅನುಮಾನ ಬಂದರೆ ಬ್ರೇಕ್ ಹಾಕಿ ಇಳಿದು ನೋಡಿ ಬನ್ನಿ. ಎರಡು ಸಲ ಇಳಿದು ನೋಡಿದವರನ್ನು ಯಾರೂ ತಿರಸ್ಕರಿಸುವುದಿಲ್ಲ, ಗೋಡೆಗೆ ತಾಗಿಸಿದವರನ್ನು ಖಂಡಿತ ಕಳಿಸುತ್ತಾರೆ.

ರಸ್ತೆಗಿಳಿದ ಮೇಲೆ ಅವರು ನೋಡುವುದು ನಿಮ್ಮ ವೇಗವನ್ನಲ್ಲ, ನಿಮ್ಮ ಕಣ್ಣನ್ನು. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕೊರೆದುಕೊಂಡು ಬರುತ್ತದೆ. ಅದಕ್ಕೇ ಸ್ವಲ್ಪ ಮುಂದೆ ಹೋಗಿ ತಿರುಗಿಸಿ, ತಿರುಗುವ ಕಡೆಯ ಕನ್ನಡಿಯ ಮೇಲೆ ಕಣ್ಣಿಟ್ಟಿರಿ. ಇಳಿಜಾರಿಗೆ ಗೇರ್ ಕಡಿಮೆ ಮಾಡುವುದು ಇಳಿಯಲು ಶುರುವಾಗುವ ಮೊದಲೇ ಆಗಬೇಕು. ನಡುವೆ ಗೇರ್ ಹುಡುಕಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಇಡೀ ಹೊರೆಯನ್ನು ಬ್ರೇಕೇ ತಡೆಯಬೇಕು. ಅದು ಬಿಸಿಯೇರಿದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ.

ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರಿಂದ ದೂರ ಇರಿ. ತರಬೇತಿ ಖರ್ಚು ನಾವೇ ಹಾಕುತ್ತೇವೆ ಅಂದರೆ, ಎಷ್ಟು ತಿಂಗಳು ಬಿಟ್ಟುಹೋಗುವಂತಿಲ್ಲ, ಹೋದರೆ ಎಷ್ಟು ಕಟ್ಟಬೇಕು ಎಂಬುದನ್ನು ಓದಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಮೊದಲ ವಾರದಲ್ಲೇ ಮಿತಿ ಮೀರಿದ ಹೊರೆ ಹಾಕಿಸಿ, ನಿದ್ದೆಗೆಟ್ಟು ಓಡಿಸು ಅನ್ನುವ ಕಡೆ ನಿಲ್ಲಬೇಡಿ. ಅಪಘಾತವಾದರೆ ದಾಖಲೆಯಲ್ಲಿ ಉಳಿಯುವುದು ನಿಮ್ಮ ಹೆಸರು, ಮುಂದಿನ ವಿಮೆಯವರು ಓದುವುದೂ ಅದನ್ನೇ.

ಇನ್ನೊಂದು ಸಣ್ಣ ವಿಷಯ. ಕೆಲಸ ಸಿಕ್ಕು ಮೊದಲ ಟ್ರಿಪ್ ಹೊರಡುವಾಗ ಲಾರಿಯ ಎತ್ತರವನ್ನು ಟೇಪ್ ಹಿಡಿದು ಅಳೆದು, ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿಕೊಳ್ಳಿ. ಟಾರ್ಪಲ್ ಕಟ್ಟಿದ ಮೇಲಿನ ಎತ್ತರ ಅಳೆಯಿರಿ, ಖಾಲಿ ಗಾಡಿಯದ್ದಲ್ಲ.