ಫಿಕ್ಸ್ ಪ್ಯಾಕ್ ಅರ್ಧಕ್ಕೆ ನಿಂತಾಗ

ಸ್ನೇಹಿತರೇ,

ಸರ್ವರ್‌ಗಳ ಹೊಣೆ ಹೊತ್ತವರಿಗೆ ಶನಿವಾರದ ರಾತ್ರಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಳಕೆದಾರರೆಲ್ಲ ಮಲಗಿದ ಮೇಲೆ ನಮ್ಮ ಕೆಲಸ ಆರಂಭವಾಗುತ್ತದೆ. ನಾನು ಮಾತನಾಡುವುದು 2008ರಲ್ಲಿ ಬಂದ ವೆಬ್‌ಸ್ಫಿಯರ್ ಅಪ್ಲಿಕೇಶನ್ ಸರ್ವರ್ 7.0, ಅಂದರೆ ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸುವ ಐಬಿಎಂ ತಂತ್ರಾಂಶದ ಅನುಭವದಿಂದ. ಅದಕ್ಕೆ ಫಿಕ್ಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) ಹಾಕಲು ಅಪ್‌ಡೇಟ್ ಇನ್‌ಸ್ಟಾಲರ್ ಎಂಬ ಪ್ರತ್ಯೇಕ ತಂತ್ರಾಂಶವಿತ್ತು, 8.0ರಿಂದ ಆ ಜಾಗಕ್ಕೆ ಇನ್‌ಸ್ಟಾಲೇಶನ್ ಮ್ಯಾನೇಜರ್ ಬಂತು. ಸಾಧನ ಬದಲಾಯಿತು, ಎಡವುವ ಕಲ್ಲುಗಳು ಹೆಚ್ಚೇನೂ ಬದಲಾಗಲಿಲ್ಲ.

ಪೂರ್ತಿ ಸೋತ ಅಳವಡಿಕೆಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಅದು ಸೋತೆನೆಂದು ನೇರವಾಗಿ ಹೇಳುತ್ತದೆ. ಹೆದರಿಕೆ ಹುಟ್ಟಿಸುವುದು ‘ಪಾರ್ಷಿಯಲ್ ಸಕ್ಸೆಸ್’. ಹೊಸ ಕಡತಗಳು ಕುಳಿತಿರುತ್ತವೆ, ಆವೃತ್ತಿಯ ಸಂಖ್ಯೆಯೂ ಹೊಸದನ್ನೇ ತೋರಿಸುತ್ತದೆ, ಆದರೆ ಅಳವಡಿಕೆಯ ನಂತರ ನಡೆಯಬೇಕಾದ ಸಂರಚನೆಯ ಹೆಜ್ಜೆಗಳಲ್ಲಿ ಒಂದೆರಡು ಬಿದ್ದುಹೋಗಿರುತ್ತವೆ.

ಒಂದು ಕಚೇರಿಯಲ್ಲಿ ನನಗೆ ಎದುರಾದದ್ದು ಇದೇ. ಲಿನಕ್ಸ್ ಯಂತ್ರ, ಸರ್ವರ್ ಓಡಬೇಕಾದದ್ದು ಅದಕ್ಕೆಂದೇ ಮಾಡಿದ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ. ಅಳವಡಿಕೆಯ ಹೆಜ್ಜೆಗಳು ದಾಖಲಾಗುವ ಅಪ್‌ಡೇಟ್‌ಲಾಗ್ ಕಡತವನ್ನು ತೆರೆದೆ. ಕೊನೆಯ ಸಾಲು ಫಲಿತಾಂಶವನ್ನಷ್ಟೇ ಹೇಳುತ್ತಿತ್ತು, ಕಾರಣವನ್ನಲ್ಲ. ಅಲ್ಲಿಂದ ಮೇಲಕ್ಕೆ ಓದುತ್ತಾ ಹೋದಾಗ, ಮೊದಲು ಸೋತ ಹೆಜ್ಜೆಯ ಬಳಿ ಅನುಮತಿ ನಿರಾಕರಣೆಯ ಸಾಲು ಸಿಕ್ಕಿತು. ತಿಂಗಳುಗಳ ಹಿಂದೆ ಯಾರೋ ಅವಸರದಲ್ಲಿ ಸರ್ವರನ್ನು ಒಮ್ಮೆ ರೂಟ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿ ಚಾಲೂ ಮಾಡಿದ್ದರು. ಅಂದು ಹುಟ್ಟಿದ ಕಡತಗಳೆಲ್ಲ ರೂಟ್‌ನ ಸೊತ್ತಾಗಿ ಪ್ರೊಫೈಲ್‌ನೊಳಗೆ, ಅಂದರೆ ಸರ್ವರ್‌ನ ಸಂರಚನೆ ಇರುವ ಡೈರೆಕ್ಟರಿಯೊಳಗೆ, ಉಳಿದುಬಿಟ್ಟಿದ್ದವು. ಅವುಗಳನ್ನು ತಿದ್ದುವ ಹಕ್ಕು ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಓಡುತ್ತಿದ್ದ ಇನ್‌ಸ್ಟಾಲರ್‌ಗೆ ಇರಲಿಲ್ಲ.

ಆ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ, ಮತ್ತೆ ಓಡಿಸೋಣ ಎನ್ನುತ್ತದೆ. ದಯವಿಟ್ಟು ತಡೆಯಿರಿ. ಮೊದಲು ಲಾಗ್‌ಗಳ ಒಂದು ಪ್ರತಿಯನ್ನು ಬೇರೆಡೆ ಇಡಿ. ನೋಡ್ ಏಜೆಂಟ್ (ನೋಡ್‌ನಲ್ಲಿರುವ ಸರ್ವರ್‌ಗಳನ್ನು ನಿಭಾಯಿಸುವ ಪ್ರಕ್ರಿಯೆ) ಸೇರಿದಂತೆ ಯಾವ ಜಾವಾ ಪ್ರಕ್ರಿಯೆಯೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ತಾತ್ಕಾಲಿಕ ಕಡತಗಳ ಡೈರೆಕ್ಟರಿಯಲ್ಲಿ ಜಾಗವಿದೆಯೇ ನೋಡಿ. ನಾವು ಕಡತಗಳ ಒಡೆತನ ಸರಿಪಡಿಸಿ, ಫಿಕ್ಸ್ ಪ್ಯಾಕನ್ನು ತೆಗೆದು, ಮತ್ತೆ ಹಾಕಿದೆವು. ಹಾಗೆ ತೆಗೆಯಲು ಸಾಧ್ಯವಾದದ್ದು ಇನ್‌ಸ್ಟಾಲರ್ ತಾನೇ ಮಾಡಿಟ್ಟುಕೊಂಡ ಬ್ಯಾಕಪ್ ಉಳಿದಿದ್ದರಿಂದ. ಡಿಸ್ಕ್ ತುಂಬಿತೆಂದು ಆ ಬ್ಯಾಕಪ್ ಡೈರೆಕ್ಟರಿಯನ್ನೇ ಅಳಿಸುವವರನ್ನು ನಾನು ಕಂಡಿದ್ದೇನೆ. ಅವರಿಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ‘ಬ್ಯಾಕಪ್‌ಕಾನ್ಫಿಗ್’ ಆದೇಶ ಓಡಿಸಿದ್ದೇವಲ್ಲ ಎನ್ನಬೇಡಿ. ಅದು ಉಳಿಸುವುದು ಪ್ರೊಫೈಲ್‌ನ ಸಂರಚನೆಯನ್ನು ಮಾತ್ರ, ಉತ್ಪನ್ನದ ಕಡತಗಳನ್ನಲ್ಲ.

ಅನೇಕ ನೋಡ್‌ಗಳನ್ನು ಒಟ್ಟಿಗೆ ನಿರ್ವಹಿಸುವ ಗುಂಪಾದ ಸೆಲ್‌ನಲ್ಲಿ, ಅವೆಲ್ಲವನ್ನೂ ನಿಯಂತ್ರಿಸುವ ಡಿಪ್ಲಾಯ್‌ಮೆಂಟ್ ಮ್ಯಾನೇಜರ್‌ಗೇ ಮೊದಲು ಫಿಕ್ಸ್ ಪ್ಯಾಕ್ ಹಾಕಬೇಕು. ಅದರ ಆವೃತ್ತಿ ನೋಡ್‌ಗಳಿಗಿಂತ ಹಿಂದೆ ಬೀಳಬಾರದು.

ಆ ರಾತ್ರಿಯ ನಂತರ ಶುಕ್ರವಾರ ಸಂಜೆಯೇ ‘ಫೈಂಡ್’ ಆದೇಶದಿಂದ ಪ್ರೊಫೈಲ್‌ನಲ್ಲಿ ರೂಟ್‌ನ ಹೆಸರಿನಲ್ಲಿರುವ ಕಡತಗಳನ್ನು ಹುಡುಕಿಸುತ್ತೇನೆ. ಪಟ್ಟಿ ಖಾಲಿ ಬಂದರಷ್ಟೇ ಶನಿವಾರದ ಕೆಲಸಕ್ಕೆ ಒಪ್ಪಿಗೆ ಕೊಡುತ್ತೇನೆ.