ಒಂದೇ ಕಾಟಾ, ಮೂರು ಕೆಲಸ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರಿನೊಳಗೆ ತುರ್ತು ಕೆಲಸವೇ ಕಾಯುತ್ತಾ ನಿಲ್ಲುವ ಒಂದು ತೊಡಕಿನ ಬಗ್ಗೆ ಇವತ್ತಿನ ಮಾತು. ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿಯ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ದಲಾಲರ ಅಂಗಡಿಯ ಮುಂದೆ ಇರುವುದು ಒಂದೇ ಕಾಟಾ, ಒಂದೇ ಹಮಾಲರ ತಂಡ. ಅವಸರವಿಲ್ಲದ ರೈತರೊಬ್ಬರ ಚೀಲಗಳು ಅರ್ಧ ತೂಗಿವೆ. ಅವರ ಲೆಕ್ಕ ಮುಗಿಯುವ ತನಕ ಬೇರೆಯವರ ಮಾಲನ್ನು ಕಾಟಾಕ್ಕೆ ಏರಿಸುವಂತಿಲ್ಲ. ಅಷ್ಟರಲ್ಲಿ ಸಂಜೆಯೊಳಗೆ ಹೊರಡಲೇಬೇಕಾದ ಲಾರಿಯ ಮಾಲು ತೂಕಕ್ಕೆ ಬರುತ್ತದೆ. ಅದೇ ಹೊತ್ತಿಗೆ, ಕಾಟಾದ ಗೊಡವೆಯೇ ಇಲ್ಲದ ಮೂರನೆಯವರೊಬ್ಬರು, ರೈತರಿಗಿಂತ ತಮ್ಮದು ತುಸು ತುರ್ತೆಂದು ಹೇಳಿ, ಹಮಾಲರನ್ನು ಗೋದಾಮಿಗೆ ಕರೆದೊಯ್ಯುತ್ತಾರೆ. ಲಾರಿಯವರು ಕಾಟಾಕ್ಕೆ ಕಾಯುತ್ತಾರೆ, ರೈತರು ಹಮಾಲರಿಗೆ ಕಾಯುತ್ತಾರೆ, ಗೋದಾಮಿನ ಕೆಲಸ ಮಾತ್ರ ನಿರಾತಂಕವಾಗಿ ಸಾಗುತ್ತದೆ.

ಕಂಪ್ಯೂಟರಿನ ಕೆಲಸಗಳಿಗೆ ಸರದಿ ಗೊತ್ತುಮಾಡುವ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂಗಳಲ್ಲಿ ಹಮಾಲರ ಜಾಗದಲ್ಲಿ ಪ್ರೊಸೆಸರ್ ಇರುತ್ತದೆ, ಕಾಟಾದ ಜಾಗದಲ್ಲಿ, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯಬಹುದಾದ ಮ್ಯೂಟೆಕ್ಸ್ ಎಂಬ ಬೀಗ. ಈ ತೊಡಕಿಗೆ ಪ್ರಯಾರಿಟಿ ಇನ್ವರ್ಷನ್, ಅಂದರೆ ಆದ್ಯತೆ ತಲೆಕೆಳಗಾಗುವುದು, ಎಂದು ಹೆಸರು. ರಿಯಲ್ ಟೈಮ್ ಎಂದರೆ ವೇಗವೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಅದು ವೇಗವಲ್ಲ, ಗಡುವು ತಪ್ಪದಿರುವುದು. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ಸಂಶೋಧಕರು, ಪದೇ ಪದೇ ಬರುವ ಕೆಲಸಗಳಿಗೆ ಬೇಗ ಮರುಕಳಿಸುವುದಕ್ಕೆ ಹೆಚ್ಚು ಆದ್ಯತೆಯೆಂಬ ನಿಯಮವಿಟ್ಟರೆ, ಪ್ರೊಸೆಸರಿನ ಹೊರೆ ಸುಮಾರು ಶೇ. 69ರೊಳಗಿರುವಷ್ಟು ಕಾಲ ಯಾವ ಗಡುವೂ ತಪ್ಪದೆಂದು ಸಾಧಿಸಿದರು. ಆದರೆ ಆ ಲೆಕ್ಕದಲ್ಲಿ ಕಾಟಾ ಇರಲಿಲ್ಲ; ಕೆಲಸಗಳು ಒಂದನ್ನೊಂದು ಕಾಯುವುದೇ ಇಲ್ಲವೆಂದು ಅವರು ಇಟ್ಟುಕೊಂಡಿದ್ದರು.

1997ರ ಜುಲೈ 4ರಂದು ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್ ನೌಕೆಯಲ್ಲಿ ಆದದ್ದೂ ಇದೇ. ಹವಾಮಾನದ ಮಾಹಿತಿ ಕಲೆಹಾಕುವ ಕಡಿಮೆ ಆದ್ಯತೆಯ ಕೆಲಸ ಬೀಗ ಹಿಡಿದಿತ್ತು. ಮಧ್ಯಮ ಆದ್ಯತೆಯ ಸಂವಹನದ ಕೆಲಸಗಳು ಅದನ್ನು ಬದಿಗೊತ್ತಿ ಓಡುತ್ತಿದ್ದವು. ಮೇಲಿನ ಆದ್ಯತೆಯ, ಮಾಹಿತಿ ಹರಿವನ್ನು ನೋಡಿಕೊಳ್ಳುವ ಕೆಲಸ ಬೀಗಕ್ಕಾಗಿ ಕಾದು ಗಡುವು ತಪ್ಪಿಸಿತು. ಕಂಪ್ಯೂಟರು ಮತ್ತೆ ಮತ್ತೆ ರೀಸೆಟ್ ಆಯಿತು. ನಾಸಾದ ಎಂಜಿನಿಯರುಗಳು ಇದನ್ನು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಮರುಕಳಿಸಿ ನೋಡಿ, ಆ ಬೀಗದಲ್ಲಿ ಆಫ್ ಆಗಿದ್ದ ಪ್ರಯಾರಿಟಿ ಇನ್ಹೆರಿಟೆನ್ಸ್ ಎಂಬ ಸೌಲಭ್ಯವನ್ನು ಇಲ್ಲಿಂದಲೇ ಆನ್ ಮಾಡಿದರು.

ಅದರ ತಂತ್ರ ಸರಳ. ಲಾರಿ ಕಾಯುತ್ತಿರುವಷ್ಟು ಹೊತ್ತು ರೈತರ ಚೀಲಗಳಿಗೂ ಲಾರಿಯ ಆದ್ಯತೆಯೇ ಸಲ್ಲುತ್ತದೆ. ಗೋದಾಮಿನವರು ಹಮಾಲರನ್ನು ಕರೆಯುವಂತಿಲ್ಲ. ತೂಕ ಮುಗಿದು ಕಾಟಾ ಖಾಲಿಯಾದ ಕ್ಷಣ ರೈತರ ಹಳೆಯ ಸರದಿ ಮರಳುತ್ತದೆ. ಇದರಿಂದ ಎಲ್ಲವೂ ನೀಗದು. ಒಬ್ಬರು ಕಾಟಾ ಹಿಡಿದು ಚೀಲ ಹೊಲಿಯುವ ಯಂತ್ರಕ್ಕೆ ಕಾಯುತ್ತಾ, ಇನ್ನೊಬ್ಬರು ಯಂತ್ರ ಹಿಡಿದು ಕಾಟಾಕ್ಕೆ ಕಾಯುತ್ತಾ ನಿಂತರೆ, ಆದ್ಯತೆಯನ್ನು ಎಷ್ಟು ಏರಿಸಿದರೂ ಇಬ್ಬರೂ ಕದಲುವುದಿಲ್ಲ. ಅದಕ್ಕೆ ಪ್ರಯಾರಿಟಿ ಸೀಲಿಂಗ್ ಎಂಬ ಬೇರೆಯೇ ಕಟ್ಟುಪಾಡಿದೆ. ಅಲ್ಲಿ ಇಂಥ ಸಿಕ್ಕು ಬೀಳುವ ಸಾಧ್ಯತೆಯಿದ್ದರೆ, ಬೀಗ ಖಾಲಿಯಿದ್ದರೂ ಕೊಡುವುದಿಲ್ಲ.